ಉಪ್ಪಿನಕಾಯಿ ಬಾಟಲಿಯ ಬಾಣಂತಿ

ಸಂಜೆ ಹೊತ್ತು ಅಂಗಡಿಯಿಂದ ಅಂಗಡಿಗೆ ಸಾಂಬ್ರಾಣಿ ಹೊಗೆ ಹಾಕಿಕೊಂಡು ಹೋಗುವವರು ಮೈಸೂರಿನಲ್ಲಿ ಈಗಲೂ ಇದ್ದಾರೆ. ಮೊನ್ನೆ ಬಟ್ಟೆ ಅಂಗಡಿಯೊಂದರಲ್ಲಿ ಕೂತಿದ್ದಾಗ ಒಬ್ಬರು ಬಂದು ಗಲ್ಲಾಪೆಟ್ಟಿಗೆಗೆ, ಗೋಡೆಯ ಪಟಕ್ಕೆ, ಕೊನೆಗೆ ನನ್ನ ಮುಖಕ್ಕೂ ನವಿಲುಗರಿಯಲ್ಲಿ ಹೊಗೆ ಬೀಸಿ ಹೋದರು. ಪಕ್ಕದ ಹೆಂಗಸು ಕಣ್ಣು ಮುಚ್ಚಿ ಕೈ ಮುಗಿದಳು. ನನಗೆ ಮಾತ್ರ ಸಿಟ್ಟು ಬಂತು. ಇಪ್ಪತ್ತು ವರ್ಷ ಕಳೆದಿದ್ದರೂ ಆ ವಾಸನೆ ಮೂಗಿಗೆ ಬಡಿದರೆ ನನಗೆ ಭಕ್ತಿ ಬರುವುದಿಲ್ಲ. ನಂಜನಗೂಡಿನಲ್ಲಿ ನಾನು ಕಳೆದ ಒಂದು ಮಳೆಗಾಲ ನೆನಪಾಗುತ್ತದೆ, ಅದರ ಜೊತೆಗೆ ನಾಲ್ಕು ಜೇಡಗಳು.

ಎರಡು ಸಾವಿರ ಇಸವಿ ದಾಟಿ ಎರಡೋ ಮೂರೋ ವರ್ಷವಾಗಿತ್ತು. ನನಗೆ ಮೂವತ್ತೆರಡು. ನಂಜನಗೂಡಿನ ಪಕ್ಕದ ತಾಂಡ್ಯದ ಒಂದು ಕಾರ್ಖಾನೆಯ ಟೆಸ್ಟಿಂಗ್ ಲ್ಯಾಬಿನಲ್ಲಿ ಕೆಲಸ. ಮದುವೆಯಾಗಿರಲಿಲ್ಲ, ಆಗುವ ಆತುರವೂ ಇರಲಿಲ್ಲ. ನಮ್ಮದು ತಿ. ನರಸೀಪುರ ತಾಲ್ಲೂಕು, ತಲಕಾಡಿಗೆ ಹೋಗುವ ದಾರಿಯಲ್ಲೊಂದು ಹಳ್ಳಿ. ಕೂಲಿ ಮಾಡಿ ನನ್ನನ್ನು ಬಿ.ಎಸ್ಸಿ. ಓದಿಸಿದ ಅಪ್ಪ, ಬೌದ್ಧ ದೀಕ್ಷೆ ತೆಗೆದುಕೊಂಡ ದಿನವೇ ದೃಷ್ಟಿ, ಶಕುನ, ತಾಯತಗಳನ್ನೆಲ್ಲ ಮನೆಯಿಂದ ಆಚೆ ಹಾಕಿದ್ದ. ಹಾಗಾಗಿ ಹೆದರಬೇಕಾದ ವಸ್ತುಗಳ ಪಟ್ಟಿ ನನಗೆ ಚಿಕ್ಕಂದಿನಿಂದಲೂ ಬಹಳ ಚಿಕ್ಕದು.

ನಂಜನಗೂಡಿನಲ್ಲಿ ಮನೆ ಹುಡುಕುವಾಗ ನಾಲ್ಕು ಕಡೆ ನೀವು ಯಾವ ಪೈಕಿ ಎಂದು ಕೇಳಿದರು. ನಾನು ಹೇಳಿದ ಕೂಡಲೇ ನಾಲ್ಕೂ ಮನೆಗಳಿಗೆ ಯಾರೋ ನೆಂಟರು ಬರುವವರಿದ್ದರು. ಐದನೆಯ ಮನೆ ಪುಟ್ಟಗೌರಮ್ಮನವರದು. ಹೆಮ್ಮರಗಾಲದ ಕಡೆ ಜಮೀನು, ಹಿತ್ತಿಲಲ್ಲಿ ಮೂರು ಹಸು, ಮುಂಭಾಗದಲ್ಲಿ ಬಾಡಿಗೆಗೆಂದು ಕಟ್ಟಿಸಿದ ಒಂದು ಕೋಣೆ, ಒಂದು ಅಡುಗೆಮನೆ. ಅವರೂ ಕೇಳಿದರು, ನಾನೂ ಹೇಳಿದೆ. ನನ್ನನ್ನು ಒಂದು ಸಲ ಅಡಿಯಿಂದ ಮುಡಿಯವರೆಗೆ ನೋಡಿ ಬೀಗದ ಕೈ ಕೊಟ್ಟರು. ಕೊಟ್ಟದ್ದು ತಮ್ಮ ದೊಡ್ಡತನ ಎಂದು ಅವರು ತಿಳಿದುಕೊಂಡರು. ನಾನು ಹಾಗೆ ತಿಳಿದುಕೊಳ್ಳಲಿಲ್ಲ.

ಆ ಬೇಸಿಗೆಯಲ್ಲಿ ಊರಿಗೆ ಹೋದಾಗ ನಮ್ಮ ಮನೆ ಹಿಂದಿನ ಜಮೀನನ್ನು ಮಟ್ಟ ಮಾಡಿಸುತ್ತಿದ್ದರು. ಹಳೆಯ ಬದುವಿನ ತುಂಬ ರೂಪಾಯಿ ಅಗಲದ ಬಿಲಗಳು, ಬಾಯಿಗೆ ಬೆಳ್ಳಗೆ ನೇಯ್ದ ಅಂಚು. ಚಿಕ್ಕವರಿದ್ದಾಗ ಅವುಗಳೊಳಗೆ ಹುಲ್ಲುಕಡ್ಡಿ ತೂರಿಸಿ ಒಳಗಿದ್ದವರನ್ನು ಕೆಣಕುವುದು ನಮಗೆ ಆಟ. ಅಂಗೈ ಅಗಲದ, ಮೈಯೆಲ್ಲ ಕಂದು ಕೂದಲಿನ ಜೇಡ ಕಡ್ಡಿಯನ್ನು ಹಿಡಿದು ಜಗ್ಗುತ್ತಿತ್ತು. ಇವಕ್ಕೆ ಟರಾಂಟುಲಾ ಎನ್ನುತ್ತಾರೆಂದು ಕಾಲೇಜಿನಲ್ಲಿ ತಿಳಿಯಿತು. ಈಗ ಕೆಲಸದವರು ಒಂದೊಂದು ಬಿಲಕ್ಕೂ ಸೀಮೆಎಣ್ಣೆ ಸುರಿದು ಕಡ್ಡಿ ಗೀರುತ್ತಿದ್ದರು. ಬೇಡವೆಂದೆ. ನಕ್ಕರು. ಹಾಗಾದರೆ ಸ್ವಲ್ಪ ತಡೆಯಿರಿ ಎಂದು ಮನೆಗೆ ಓಡಿ ಟಿಫನ್ ಕ್ಯಾರಿಯರ್ ತಂದೆ. ನಾಲ್ಕು ಡಬ್ಬಿ, ನಾಲ್ಕು ಜೇಡ. ಐದನೆಯದಕ್ಕೆ ಡಬ್ಬಿಯಿರಲಿಲ್ಲ. ಅದು ಸುಟ್ಟುಹೋದದ್ದನ್ನು ನೋಡಿಯೇ ಬಸ್ಸು ಹತ್ತಿದೆ. ತೊಡೆಯ ಮೇಲೆ ಕ್ಯಾರಿಯರ್ ಇಟ್ಟುಕೊಂಡಿದ್ದವಳನ್ನು ಕಂಡಕ್ಟರ್ ಏನು ವಿಶೇಷ ಅಡುಗೆ ಎಂದು ಕೇಳಿದ. ಮಾಂಸದ ಸಾರು ಎಂದೆ. ಆಮೇಲೆ ಪಕ್ಕದ ಸೀಟಿಗೆ ಯಾರೂ ಬರಲಿಲ್ಲ, ಪ್ರಯಾಣ ಆರಾಮಾಗಿ ಆಯಿತು.

ಉಪ್ಪಿನಕಾಯಿಯ ದೊಡ್ಡ ಗಾಜಿನ ಬಾಟಲಿಗಳನ್ನು ತೊಳೆದು ಒಣಗಿಸಿ, ಮುಚ್ಚಳಕ್ಕೆ ಮೊಳೆಯಲ್ಲಿ ತೂತು ಹೊಡೆದು ಒಂದೊಂದನ್ನು ಇಳಿಸಿದೆ. ರಾತ್ರಿ ಜಿರಳೆ ಹಿಡಿದು ಹಾಕುತ್ತಿದ್ದೆ. ಬಾಡಿಗೆ ಮನೆಗಳಲ್ಲಿ ಅದಕ್ಕೇನೂ ಬರವಿಲ್ಲ. ಸೈಬರ್ ಸೆಂಟರಿನಲ್ಲಿ ಕೂತು ಅವುಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಬಾಟಲಿ ಸಾಲದು, ಕಾಲು ಚಾಚಲು ಜಾಗ ಬೇಕು, ಅಗೆಯಲು ಮಣ್ಣು ಬೇಕು ಎಂದು ಗೊತ್ತಾಯಿತು. ದೇವರ ಪಟಕ್ಕೆ ಕಟ್ಟು ಹಾಕುವ ಅಂಗಡಿಯವನಿಗೆ ಅಳತೆ ಕೊಟ್ಟು ನಾಲ್ಕು ಗಾಜಿನ ಪೆಟ್ಟಿಗೆ ಮಾಡಿಸಿದೆ. ಮೀನಿಗಾ ಎಂದು ಕೇಳಿದ. ಹೌದೆಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಜೇಡಕ್ಕೆ ಎಂದೆ. ಪೆಟ್ಟಿಗೆ ಒಯ್ಯುವ ದಿನ ಅವನು ಅದನ್ನು ಮುಟ್ಟದೆ ಕಾಲಿನಲ್ಲಿ ನನ್ನ ಕಡೆಗೆ ತಳ್ಳಿದ.

ಜೂನ್ ಕೊನೆಯ ಒಂದು ಭಾನುವಾರ ಜೇಡಗಳನ್ನು ಪೆಟ್ಟಿಗೆಗೆ ಸಾಗಿಸಲು ಕೂತೆ. ಹೊರಗೆ ಜಿಟಿಜಿಟಿ ಮಳೆ. ಪೆಟ್ಟಿಗೆಗೆ ಕೆಂಪು ಮಣ್ಣು, ತೆಂಗಿನ ನಾರಿನ ಪುಡಿ ಕಲಸಿ ಹಾಕಿದ್ದೆ. ಅಡಗಲು ಅರ್ಧ ನಾಡ ಹೆಂಚು, ನೀರಿಗೆ ಸೋಡಾ ಮುಚ್ಚಳ, ಮೇಲೆ ತಂತಿ ಜಾಲರಿ. ಕೆಲಸ ಕಷ್ಟದ್ದಲ್ಲ, ಸಾವಧಾನದ್ದು. ಬಾಟಲಿಯನ್ನು ಪೆಟ್ಟಿಗೆಯೊಳಗೆ ಮಲಗಿಸಿ, ಬಾಯಿಯನ್ನು ಹೆಂಚಿನ ಕಡೆಗಿಟ್ಟು, ಮುಚ್ಚಳ ತೆಗೆದು, ಬಣ್ಣ ಹಚ್ಚುವ ಮೆತ್ತನೆಯ ಬ್ರಶ್ಶಿನಿಂದ ಹಿಂದಿನ ಕಾಲನ್ನು ಮುಟ್ಟಬೇಕು. ಮುಟ್ಟಿದ ಕಡೆಯಿಂದ ಅದು ಮುಂದಕ್ಕೆ ಒಂದು ಹೆಜ್ಜೆ ಇಡುತ್ತದೆ. ಮತ್ತೆ ಮುಟ್ಟಬೇಕು. ಅವಸರ ಮಾಡಬಾರದು, ಉಸಿರು ತಾಗಿಸಬಾರದು. ಮೊದಲನೆಯದು ಮದುವಣಗಿತ್ತಿಯ ಹಾಗೆ ನಡೆದು ಹೆಂಚಿನ ಕೆಳಗೆ ಸೇರಿತು. ಎರಡನೆಯದೂ ಹಾಗೇ. ಮೂರನೆಯದು ಬ್ರಶ್ಶಿನ ಮೇಲೆ ಹತ್ತಿ, ನನ್ನ ಕೈಮೇಲೆ ಓಡಿ, ಕಿಟಕಿಯಿಂದ ಜಗಲಿಗೆ ಹಾರಿತು. ಜಗಲಿಯಲ್ಲಿ ಪುಟ್ಟಗೌರಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು.

ಅವರು ಕೂಗಲಿಲ್ಲ. ಮೊರದ ಅಂಚಿಗೆ ಬಂದು ಕೂತ ಜೇಡವನ್ನೂ, ಲೋಟ ಹಿಡಿದು ಓಡಿಬಂದ ನನ್ನನ್ನೂ ನೋಡಿದರು. ನಾನು ಜೇಡದ ಮೇಲೆ ಲೋಟ ಕವುಚಿ, ಕೆಳಗೆ ರಟ್ಟು ತೂರಿಸಿ ಎತ್ತಿಕೊಂಡೆ. ಆಮೇಲೆ ಅವರು ಆ ಮೊರದ ಅಕ್ಕಿಯನ್ನೆಲ್ಲ ಹಸುವಿನ ಬಾನಿಗೆ ಸುರಿದು ಬಂದು ನನ್ನ ಕೋಣೆಯನ್ನು ಇಣುಕಿದರು. ಮೂರು ಪೆಟ್ಟಿಗೆ, ಒಂದು ಬಾಟಲಿ ಕಂಡವು. ಮಗಳು ಶೋಭಾ ಏಳು ತಿಂಗಳ ಬಸುರಿ, ಬರುವ ವಾರ ಹೆರಿಗೆಗೆಂದು ತವರಿಗೆ ಬರುತ್ತಾಳೆ, ಅಷ್ಟರೊಳಗೆ ಇವು ಆಚೆ ಹೋಗಬೇಕು, ಇಲ್ಲದಿದ್ದರೆ ನೀನೇ ಹೋಗಬೇಕು ಎಂದರು.

ಮೂರನ್ನು ನಾನು ಆ ಕ್ಷಣವೇ ಬೇರೆಲ್ಲಾದರೂ ಸಾಗಿಸಬಹುದಿತ್ತು. ನಾಲ್ಕನೆಯದನ್ನು ಸಾಗಿಸಲು ಸಾಧ್ಯವಿರಲಿಲ್ಲ. ನಾಲ್ಕರಲ್ಲೂ ದೊಡ್ಡವಳಾದ ಅವಳು ಬಾಟಲಿಯ ತಳದಲ್ಲಿ ಬಲೆ ನೇಯ್ದು, ನಿಂಬೆಹಣ್ಣಿನ ಗಾತ್ರದ ಬಿಳಿ ಉಂಡೆಯೊಂದನ್ನು ಅಪ್ಪಿಕೊಂಡು ಕೂತಿದ್ದಳು. ಉಂಡೆಯೊಳಗೆ ಮೊಟ್ಟೆಗಳು. ಒಡೆಯಲು ಏಳೆಂಟು ವಾರ ಬೇಕು. ಅಲ್ಲಿಯವರೆಗೆ ಬಾಟಲಿ ಅಲುಗಿದರೆ, ಹೆದರಿದರೆ, ತನ್ನ ಮೊಟ್ಟೆಯನ್ನು ತಾನೇ ತಿಂದುಬಿಡುತ್ತಾಳೆ. ಸುಟ್ಟುಹೋದ ಆ ಬದುವಿನಲ್ಲಿ ಉಳಿದದ್ದು ಇದೊಂದೇ ಸಂತತಿ ಎಂಬ ಹಟ ನನಗೆ. ಇದನ್ನೆಲ್ಲ ವಿವರಿಸಿ, ಮೊಟ್ಟೆ ಒಡೆಯುವವರೆಗೆ ಬಾಟಲಿಯನ್ನು ಒಂದು ಬೆರಳಿನಷ್ಟೂ ಸರಿಸುವುದಿಲ್ಲ ಎಂದು ಪುಟ್ಟಗೌರಮ್ಮನವರಿಗೆ ಹೇಳಿದೆ. ಮನೆ ಕೊಟ್ಟಿದ್ದೇ ಹೆಚ್ಚಾಯಿತು ಎಂದು ಅವರು ಗೊಣಗಿಕೊಂಡು ಹೋದರು. ಆ ಮಾತಿನಲ್ಲಿದ್ದುದು ಜೇಡವೊಂದೇ ಅಲ್ಲ ಎಂದು ನನಗೆ ಗೊತ್ತಾಯಿತು. ಅದಕ್ಕೇ ಇನ್ನಷ್ಟು ಗಟ್ಟಿಯಾಗಿ ಕೂತೆ.

ಮರುವಾರ ಶೋಭಾಳನ್ನು ಅವಳ ಗಂಡ ಮಹೇಶ ಕರೆದುಕೊಂಡು ಬಂದ. ಮೆತ್ತಗಿನ ಹುಡುಗ, ಹಾಲಿನ ಡೈರಿಯಲ್ಲಿ ಗುಮಾಸ್ತ. ಊಟ ಮುಗಿಸಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದವನ ಕೈಗೆ ಅತ್ತೆ ಒಲೆಯ ಸೌದೆಯೊಂದನ್ನು ಕೊಟ್ಟು ನನ್ನ ಬಾಗಿಲಿಗೆ ಕರೆತಂದರು. ಶೋಭಾ ಹಿಂದೆ ಗೋಡೆ ಹಿಡಿದು ನಿಂತಳು.

"ನಾಕ್ನೂ ಒಡ್ದಾಕ್ಬುಡಿ ಅಳಿಯಂದ್ರೇ. ಉಳ ಸಾಕಕ್ಕೆ ನಾವೇನು ಮನೆ ಕಟ್ಸಿಲ್ಲ," ಎಂದರು ಪುಟ್ಟಗೌರಮ್ಮ.

ನಾನು ಬಾಗಿಲಿಗೆ ಅಡ್ಡ ನಿಂತೆ. ಸಿಟ್ಟು ಬಂದರೆ ನನ್ನ ಕಾಲೇಜು ಕನ್ನಡ ಓಡಿಹೋಗಿ ಊರ ಮಾತು ಬರುತ್ತದೆ.

"ಒಡೀರಿ ನೋಡವ. ಅದು ಮೊಟ್ಟೆ ತಬ್ಕೊಂಡು ಕುಂತದೆ. ಮನೇಲಿ ನಿಮ್ಮೆಂಡ್ತಿ ಬಸ್ರಿ. ಬಸ್ರಿ ಗಂಡ ಆವು ಕಂಡ್ರೂ ದಾರಿ ಬುಡ್ಬೇಕು ಅಂತೀರಲ್ಲ, ಇದ ಒಡೀಬೌದಾ?"

ಮಹೇಶ ಸೌದೆಯನ್ನು ಕೆಳಗಿಳಿಸಿದ. ಹೆಂಡತಿ ಬಸುರಿಯಾಗಿದ್ದಾಗ ಗಂಡನಾದವನು ಹಾವು ಹೊಡೆಯಬಾರದು, ಹರಿದಾಡುವ ಜೀವ ತೆಗೆಯಬಾರದು ಎನ್ನುವುದು ನಮ್ಮ ಸೀಮೆಯಲ್ಲಿ ಎಲ್ಲ ಮನೆಗಳಲ್ಲೂ ಇರುವ ನಂಬಿಕೆ. ನನಗೆ ಅದರಲ್ಲಿ ಎಳ್ಳಷ್ಟೂ ನಂಬಿಕೆಯಿರಲಿಲ್ಲ. ಆದರೆ ಅವರಿಗಿತ್ತು, ನನಗೆ ಅಷ್ಟೇ ಬೇಕಾಗಿತ್ತು. ಪುಟ್ಟಗೌರಮ್ಮನವರ ಮುಖ ಬಿಳಿಚಿಕೊಂಡಿತು. ಅಳಿಯನ ಕೈಯಿಂದ ಸೌದೆ ಕಿತ್ತುಕೊಂಡು ಒಳಗೆ ಹೋದರು. ನಾನು ಗೆದ್ದೆ ಎಂದುಕೊಂಡು ಬಾಗಿಲು ಹಾಕಿದೆ. ಅಪ್ಪ ಅಲ್ಲಿದ್ದಿದ್ದರೆ ನನ್ನ ಮುಖ ನೋಡುತ್ತಿರಲಿಲ್ಲ.

ಮಾರನೆಯ ದಿನದಿಂದ ನಡೆದದ್ದೇ ಬೇರೆ. ಮೊದಲು ನಲ್ಲಿಗೆ ಬೀಗ ಬೀಳಬಹುದು ಎಂದುಕೊಂಡು ನಾನು ಬೀದಿ ಕೊಳಾಯಿಯಿಂದ ಎರಡು ಬಿಂದಿಗೆ ನೀರು ಹೊತ್ತಿಟ್ಟಿದ್ದೆ. ಬೀಗ ಬೀಳಲಿಲ್ಲ. ಬದಲಿಗೆ ನನ್ನ ಗೋಡೆಗೆ ತಾಗಿದ್ದ ಒರಳುಕಲ್ಲನ್ನು ಪುಟ್ಟಗೌರಮ್ಮ ಇಬ್ಬರು ಆಳು ಕರೆಸಿ ಹಿತ್ತಿಲಿಗೆ ಉರುಳಿಸಿದರು. ಅಲುಗಿದರೆ ಮೊಟ್ಟೆ ತಿಂದುಬಿಡುತ್ತದೆ ಎಂದು ನಾನೇ ಹೇಳಿದ್ದೆನಲ್ಲ. ಜಮೀನಿನಿಂದ ಬಂದ ತಮ್ಮ ಗಂಡ ಬಾಗಿಲನ್ನು ಧಡಾರನೆ ಹಾಕಿದರೆ ಬೈಯುತ್ತಿದ್ದರು. ಸಂಜೆ ನಾನು ಬಂದ ಕೂಡಲೇ ಕಿಟಕಿಯ ಹತ್ತಿರ ನಿಂತು, ನಿನ್ನ ಬಾಣಂತಿ ಹೇಗವಳೆ ಎಂದು ಕೇಳುತ್ತಿದ್ದರು. ಮೊದಮೊದಲು ನನಗೆ ನಗು ಬಂತು.

ನಗು ನಿಂತದ್ದು ಶೋಭಾ ಮಾತಾಡಿದ ದಿನ. ಇಪ್ಪತ್ನಾಲ್ಕು ವರ್ಷದ ಹುಡುಗಿ. ಅವಳನ್ನು ಜಗಲಿ ದಾಟಲು ಬಿಡುತ್ತಿರಲಿಲ್ಲ, ಬಗ್ಗಲು ಬಿಡುತ್ತಿರಲಿಲ್ಲ, ಗಟ್ಟಿಯಾಗಿ ನಗಲೂ ಬಿಡುತ್ತಿರಲಿಲ್ಲ. ಅಮ್ಮ ಡೈರಿಗೆ ಹಾಲು ಹಾಕಲು ಹೋದ ಹೊತ್ತಿನಲ್ಲಿ ನನ್ನ ಕೋಣೆಗೆ ಬಂದು ಬಾಟಲಿಯ ಮುಂದೆ ಕೂತುಕೊಳ್ಳುತ್ತಿದ್ದಳು. ಹೆದರಿಕೆ ಎರಡೇ ದಿನಕ್ಕೆ ಹೋಗಿತ್ತು. ಇದಕ್ಕಿಂತ ಮುಂಚೆ ಎರಡು ಸಲ ಬಸಿರು ಇಳಿದುಹೋಗಿತ್ತೆಂದು ಅವಳೇ ಹೇಳಿದಳು, ಒಂದು ಐದು ತಿಂಗಳಿಗೆ, ಒಂದು ಆರಕ್ಕೆ. ಆಗ ನನಗೆ ಎಲ್ಲ ಅರ್ಥವಾಯಿತು. ಪುಟ್ಟಗೌರಮ್ಮ ಒರಳುಕಲ್ಲು ಉರುಳಿಸಿದ್ದು ಜೇಡಕ್ಕಲ್ಲ, ಮಗಳಿಗೆ. ಇದರ ಮೊಟ್ಟೆ ಉಳಿದರೆ ಮಗಳ ಮಗು ಉಳಿಯುತ್ತದೆ ಎಂದು ಗಂಟು ಹಾಕಿಕೊಂಡಿದ್ದರು. ಆ ಗಂಟು ಹಾಕಿಕೊಟ್ಟವಳು ನಾನು, ನನ್ನದೇ ಬಾಗಿಲಲ್ಲಿ ನಿಂತು, ಗೆಲ್ಲಬೇಕೆಂದು.

ಬಾಟಲಿಯನ್ನು ಬೇರೆಲ್ಲಾದರೂ ಇಡಲೇ ಎಂದು ಶೋಭಾಳನ್ನೇ ಕೇಳಿದೆ.

"ಬ್ಯಾಡಿ ಅಕ್ಕ. ಎಲ್ರೂ ನನ್ನ ಎತ್ತಿ ಎತ್ತಿ ಇಡ್ತಾವ್ರೆ. ಅದಾದ್ರೂ ಇದ್ದಲ್ಲಿ ಇರ್ಲಿ," ಎಂದಳು.

ಆಗಸ್ಟಿನಲ್ಲಿ ಮಳೆ ಹಿಡಿದುಕೊಂಡಿತು. ಕಪಿಲೆ ಸ್ನಾನಘಟ್ಟದ ಮೆಟ್ಟಿಲುಗಳನ್ನು ನುಂಗಿ ನಿಂತಿದ್ದಳು. ಕೋಣೆಯ ಗೋಡೆಗಳೆಲ್ಲ ತೇವ, ಬಟ್ಟೆ ಒಣಗುತ್ತಿರಲಿಲ್ಲ. ಆರು ವಾರ ಕಳೆದಿತ್ತು. ಬಾಟಲಿಯ ಬಾಣಂತಿ ಉಂಡೆಯನ್ನು ಕಾಲಿನಿಂದ ಮೆಲ್ಲಗೆ ತಿರುಗಿಸುತ್ತಿದ್ದುದನ್ನು ನಾನೂ ಶೋಭಾಳೂ, ಅದು ಬೆಳಕಿಗೆ ಬೆದರದಂತೆ ಟಾರ್ಚಿಗೆ ಕೆಂಪು ಕಾಗದ ಕಟ್ಟಿಕೊಂಡು ನೋಡುತ್ತಿದ್ದೆವು. ಇನ್ನು ಹತ್ತು ದಿನ ಎಂದು ನಾನು ಲೆಕ್ಕ ಹಾಕಿದ್ದೆ.

ಒಂದು ದಿನ ಶಿಫ್ಟ್ ಮುಗಿಸಿ ಕಂಪನಿ ಬಸ್ಸಿನಿಂದ ಇಳಿದು ಬಾಗಿಲು ತೆಗೆದರೆ ಕೋಣೆಯ ತುಂಬ ಸಾಂಬ್ರಾಣಿ ಹೊಗೆ. ಕಿಟಕಿಯ ಕಟ್ಟೆಯ ಮೇಲೆ, ಬಾಟಲಿಯ ಪಕ್ಕದಲ್ಲೇ, ಕೆಂಡದ ಧೂಪಾರತಿ ಇನ್ನೂ ಉರಿಯುತ್ತಿತ್ತು. ಹೊರಗಿನಿಂದ ಕಿಟಕಿಯ ಸರಳಿನೊಳಗೆ ಕೈ ತೂರಿಸಿ ಇಟ್ಟಿದ್ದರು. ಈ ಥಂಡಿಗೆ ಬಾಣಂತಿಗೆ ಹೊಗೆ ಕೊಡದಿದ್ದರೆ ಆಗುತ್ತದೆಯೇ ಎಂದು ಪುಟ್ಟಗೌರಮ್ಮನವರಿಗೆ ಅನ್ನಿಸಿತ್ತು. ಬಾಣಂತಿಗೂ ಕೂಸಿಗೂ ಅವರ ಮನೆಯಲ್ಲಿ ತಲೆತಲಾಂತರದಿಂದ ಕೊಟ್ಟುಕೊಂಡು ಬಂದದ್ದು. ಕೇಡು ಬಗೆದು ಮಾಡಿದ್ದಲ್ಲ. ನಾನು ಧೂಪಾರತಿಯನ್ನು ಬಚ್ಚಲಿಗೆ ಎಸೆದು ಎಲ್ಲ ಕಿಟಕಿ ತೆಗೆದೆ. ಬಾಟಲಿಯ ತಳದಲ್ಲಿ ಉಂಡೆ ಇರಲಿಲ್ಲ. ಹರಿದ ಬಿಳಿಯ ಚಿಂದಿಯೊಂದು ಅವಳ ಬಾಯಿಯಲ್ಲಿತ್ತು.

ನಾನು ಅಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಸೀಮೆಎಣ್ಣೆಯಿಂದ ಉಳಿಸಿದ್ದನ್ನು ಸಾಂಬ್ರಾಣಿಗೆ ಕೊಟ್ಟೆ. ಬಾಗಿಲಲ್ಲಿ ಪುಟ್ಟಗೌರಮ್ಮ ನಿಂತಿದ್ದರು. ಒಂದು ಸಲ ಬಾಟಲಿ ನೋಡಿ, ಗೋಡೆಗೆ ಒರಗಿ ಕುಸಿದು ಕೂತರು. ಅವರಿಗೆ ಏನು ಕಂಡಿತೆಂದು ನಾನು ಕೇಳಬೇಕಾಗಿರಲಿಲ್ಲ. ಶೋಭಾಗೆ ಹೇಳಬೇಡ ಎಂದು ನನ್ನ ಕೈ ಹಿಡಿದುಕೊಂಡರು. ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು. ಮೊಟ್ಟೆ ಒಡೆದು ಮರಿ ಹೊರಗೆ ಹೋದವು ಎಂದು ಹೇಳು ಎಂದರು. ಹೇಳುವುದು ಸುಲಭವಾಗಿತ್ತು. ಆದರೆ ಹೆರಿಗೆಯಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ಈ ತಾಯಿ ಜನ್ಮವೆಲ್ಲ ಹೊಗೆಯನ್ನು ನೆನೆಸಿಕೊಂಡು ಸಾಯುತ್ತಾರೆ, ಮಗಳು ಜೇಡವನ್ನು ನೆನೆಸಿಕೊಂಡು. ಒಂದು ಸಲ ನಂಬದ ಮಾತನ್ನು ಆಡಿ ಗೆದ್ದಿದ್ದೆ, ಮತ್ತೆ ಆಡುವುದಿಲ್ಲ ಎಂದುಕೊಂಡೆ. ಕೈ ಬಿಡಿಸಿಕೊಂಡು ಶೋಭಾಳನ್ನು ಕೂಗಿದೆ.

ಅವಳು ಬಂದು ಬಾಟಲಿ ನೋಡಿದಳು. ನಾನು ಅವಳ ಎದುರಿಗೇ ನಿಂತು ಹೇಳಿದೆ. ಹೊಗೆಗೆ ಹೆದರಿ ತಿಂದಳು, ಜೇಡಗಳು ಹಾಗೇ ಮಾಡುತ್ತವೆ. ಅಂದು ಬಾಗಿಲಲ್ಲಿ ನಾನು ಆಡಿದ್ದು ಬರೀ ಬಾಯಿಮಾತು, ನಿನ್ನ ಗಂಡನ ಕೈ ತಡೆಯಲಿಕ್ಕೆ ಆಡಿದ್ದು. ಅದರ ಮೊಟ್ಟೆಗೂ ನಿನ್ನ ಹೊಟ್ಟೆಗೂ ಸಂಬಂಧ ಅಂದೂ ಇರಲಿಲ್ಲ, ಇವತ್ತೂ ಇಲ್ಲ.

ಶೋಭಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಆಮೇಲೆ ಮೂಲೆಯಲ್ಲಿ ಖಾಲಿ ಬಿದ್ದಿದ್ದ ನಾಲ್ಕನೆಯ ಪೆಟ್ಟಿಗೆಯನ್ನು ತೋರಿಸಿದಳು.

"ಈಗ ಅದ ಸಾಗುಸ್ಬೌದಲ್ವಾ? ಬ್ರಶ್ ಕೊಡಿ, ನಾನು ಮಾಡ್ತೀನಿ."

ಪುಟ್ಟಗೌರಮ್ಮ ಬೇಡವೆಂದರು, ಅತ್ತರು, ಆಣೆ ಹಾಕಿದರು. ಶೋಭಾ ತಿರುಗಿ ನೋಡಲಿಲ್ಲ. ನಾನು ಪೆಟ್ಟಿಗೆಯನ್ನು ಅವಳು ಬಗ್ಗಬೇಕಾಗದಂತೆ ಮೇಜಿನ ಮೇಲಿಟ್ಟು, ಬಾಟಲಿ ಮಲಗಿಸಿ ಮುಚ್ಚಳ ತೆಗೆದೆ. ಬ್ರಶ್ಶನ್ನು ಅವಳ ಕೈಗೆ ಕೊಟ್ಟೆ. ಹಿಂದಿನ ಕಾಲು ಮುಟ್ಟು, ತಡಿ, ಮತ್ತೆ ಮುಟ್ಟು ಎಂದು ನಾನು ಹೇಳುತ್ತ ಹೋದೆ. ನಾಲ್ಕನೆಯ ಸಲ ಮುಟ್ಟಿದಾಗ ಜೇಡ ಬಾಟಲಿಯ ಕತ್ತಿನಿಂದ ಹೊರಗೆ ಬಂದು, ಹೊಸ ಮಣ್ಣಿನ ಮೇಲೆ ಒಂದೊಂದೇ ಕಾಲು ಊರಿ, ಹೆಂಚಿನ ಕೆಳಗೆ ನಡೆಯಿತು. ಶೋಭಾ ಜಾಲರಿ ಮುಚ್ಚಿ, ಹಸಿವಾಗ್ತದೆ ಎಂದು ಅಡುಗೆಮನೆಗೆ ಹೋದಳು.

ಸೆಪ್ಟೆಂಬರಿನಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ಅವಳಿಗೆ ಹೆಣ್ಣು ಮಗು ಹುಟ್ಟಿತು. ಮೂರು ಕೆ.ಜಿ.ಗೆ ಸ್ವಲ್ಪ ಕಡಿಮೆ, ಗಂಟಲು ಮಾತ್ರ ದೊಡ್ಡದು. ಜೇಡಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಇಲ್ಲಿ ಇನ್ನೊಂದು ಸಲ ಬರೆಯುತ್ತೇನೆ, ಏಕೆಂದರೆ ಆಗ ನನ್ನ ಮಾತನ್ನು ಯಾರೂ ಕೇಳಲಿಲ್ಲ. ಆ ಹುಳ ತನ್ನ ಮೊಟ್ಟೆ ತಾನು ನುಂಗಿ ನನ್ನ ಮಗಳ ಕಂಟಕ ಕಳೆಯಿತು ಎಂದು ಪುಟ್ಟಗೌರಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದರು. ಸೌದೆ ಹಿಡಿದು ಬಂದಿದ್ದ ಬಾಗಿಲಿಗೆ ಈಗ ಅರಿಶಿನ ಕುಂಕುಮ ಹಿಡಿದ ಹೆಂಗಸರು ಬರತೊಡಗಿದರು. ಹೊಗೆಗೆ ಹೆದರಿ ತಿಂದದ್ದು ಎಂದು ಒಬ್ಬೊಬ್ಬರಿಗೂ ಹೇಳಿದೆ. ತಲೆಯಾಡಿಸಿ, ಗಾಜಿಗೆ ಹೂವು ಇಟ್ಟು ಹೋಗುತ್ತಿದ್ದರು. ಇವರು ಕೊಲ್ಲಲು ಬಂದಾಗಲೇ ವಾಸಿಯಿತ್ತು, ಕೊನೇಪಕ್ಷ ಕೋಲಿಗೆ ಎದುರು ನಿಲ್ಲಬಹುದಿತ್ತು.

ಮಗುವಿಗೆ ಹನ್ನೊಂದು ದಿನವಾದಾಗ ಪುಟ್ಟಗೌರಮ್ಮ ತಟ್ಟೆಯಲ್ಲಿ ಕರ್ಪೂರ ಹಚ್ಚಿಕೊಂಡು ಬಂದರು. ಹಿಂದೆ ಆರೇಳು ಹೆಂಗಸರು. ನಾಲ್ಕನೆಯ ಪೆಟ್ಟಿಗೆಯ ಮುಂದೆ ತಟ್ಟೆ ಎತ್ತಿದರು.

"ಇದೊಂದ ಕಾಪಾಡ್ಕೊಟ್ಟೆ ಕಣವ್ವ. ಬರೋ ಸಲಕ್ಕೆ ಒಂದ್ ಗಂಡು ಕೊಟ್ಬುಡು," ಎಂದರು.

ಒಳಮನೆಯ ಬಾಗಿಲಲ್ಲಿ ಶೋಭಾ ಮಗುವಿಗೆ ಹಾಲೂಡಿಸುತ್ತ ಕೂತಿದ್ದಳು. ಅವಳು ತಲೆಯೆತ್ತಿದ್ದನ್ನು ನೋಡಿದೆ. ಎರಡು ಹೆಜ್ಜೆ ಮುಂದೆ ಬಂದು ತಟ್ಟೆಯ ಮೇಲೆ ಬಗ್ಗಿ ಕರ್ಪೂರವನ್ನು ಬಾಯಿಂದ ಊದಿ ಆರಿಸಿದೆ. ಹೆಂಗಸರು ಉಸಿರು ಹಿಡಿದರು. ಮಂಗಳಾರತಿಗೆ ಎಂಜಲು ಗಾಳಿ ಊದುವುದು ಎಂದರೆ ಏನೆಂದು ನನಗೂ ಗೊತ್ತಿತ್ತು, ಗೊತ್ತಿದ್ದೇ ಊದಿದೆ. ಮನೆ ಖಾಲಿ ಮಾಡು ಎಂದರು ಪುಟ್ಟಗೌರಮ್ಮ. ಈ ಸಲ ನಾನು ವಾದ ಮಾಡಲಿಲ್ಲ. ಭಾನುವಾರ ಮಾಡುತ್ತೇನೆ ಎಂದೆ. ಆ ವಾರವೇ ಆಚೆ ಬೀದಿಯಲ್ಲಿ ಒಂದು ಮನೆ ನೋಡಿದೆ. ಅವರು ಬಾಯಿ ತೆರೆಯುವ ಮೊದಲೇ ನಾನು ಯಾರೆಂದು, ನನ್ನ ಜೊತೆ ಯಾರು ಯಾರು ಬರುತ್ತಾರೆಂದು ಹೇಳಿದೆ. ಕೊಡುವುದಾದರೆ ಕೊಡಿ ಎಂದೆ. ಕೊಟ್ಟರು.

ಭಾನುವಾರ ಆಟೋ ಬಂತು. ಹಾಸಿಗೆ, ಪಾತ್ರೆ, ಪುಸ್ತಕ, ಮೂರು ಪೆಟ್ಟಿಗೆ ಇಟ್ಟೆ. ನಾಲ್ಕನೆಯದನ್ನು ತರಲು ತಿರುಗಿದರೆ ಶೋಭಾ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೊಸಿಲು ದಾಟಿ ಬರುತ್ತಿದ್ದಳು. ಕಿವಿಗೆ ಹತ್ತಿ, ತಲೆಗೆ ಬಿಗಿದ ಬಟ್ಟೆ, ಬಿಸಿಲು ಕಂಡು ಎಷ್ಟೋ ದಿನವಾಗಿದ್ದ ಮುಖ. ಬಾಣಂತಿ ಹೊರಗೆ ಬರಬಾರದು ಎಂದು ಅವಳ ತಾಯಿ ಮಗುವನ್ನು ಎತ್ತಿಕೊಂಡು ಹಿಂದೆಯೇ ಓಡಿಬಂದರು. ಶೋಭಾ ಆಟೋದವರೆಗೆ ನಡೆದು, ಪೆಟ್ಟಿಗೆಯನ್ನು ಸೀಟಿನ ಮೇಲೆ ಅಲುಗದ ಹಾಗೆ ಇಟ್ಟಳು.

"ಅಕ್ಕ, ಇದು ಇನ್ನೊಂದ್ ಸಲ ಮೊಟ್ಟೆ ಇಡ್ತದಾ?"

"ಇಟ್ರೂ ಇಡ್ಬೌದು, ಇಡ್ದೇನೂ ಇರ್ಬೌದು," ಎಂದೆ. "ಅದು ಅದರಿಷ್ಟ ಕಣವ್ವ."

ಅವಳು ತಿರುಗಿ ಗೇಟಿನಲ್ಲಿ ನಿಂತಿದ್ದ ತಾಯಿಯನ್ನು ನೋಡಿದಳು.

"ಕೇಳುಸ್ತೇನವ್ವ?" ಎಂದಳು.